ಮೇವಿನ ಹೆಪ್ಪು

ಫೆಬ್ರವರಿ 9, ಭಾನುವಾರ

ಮೈಕೈಯೆಲ್ಲ ನೋವು. ರಜೆ ದಿನ ಮಲಗಿರಬೇಕಾದವಳು ಬೆಳಗ್ಗೆಯಿಂದ ಓನರ್ ಸೊಣ್ಣಮ್ಮ ಆಂಟಿಯ ಕೊಟ್ಟಿಗೆಯಲ್ಲಿ ಮೇವು ತುಳಿದಿದ್ದೇನೆ. ಎಂ.ಎಸ್ಸಿ. ಮೈಕ್ರೋಬಯಾಲಜಿಗೆ ಸೇರುವಾಗ ಇದನ್ನು ಯಾರೂ ಹೇಳಿರಲಿಲ್ಲ.

ಕುಮಾರಸ್ವಾಮಿ ಲೇಔಟ್‌ನ ನಮ್ಮ ಲ್ಯಾಬಿನ ಬ್ಯಾಕ್ಟೀರಿಯಾ ಪುಡಿ ಕೊನೆಗೂ ಮಾರಾಟಕ್ಕೆ ತಯಾರಾಗಿದೆ. ಹಸಿ ಮೇವು ಕತ್ತರಿಸಿ, ಪುಡಿ ಕದಡಿದ ನೀರು ಚಿಮುಕಿಸಿ, ಗಾಳಿ ಉಳಿಯದಂತೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಳಿದು ಬಿಗಿಯಾಗಿ ಕಟ್ಟಿದರೆ, ಬ್ಯಾಕ್ಟೀರಿಯಾಗಳು ಮೇವಿನ ಸಕ್ಕರೆ ತಿಂದು ಹುಳಿ ಮಾಡುತ್ತವೆ. ಹುಳಿಯಲ್ಲಿ ಮೇವು ತಿಂಗಳುಗಟ್ಟಲೆ ಕೆಡುವುದಿಲ್ಲ, ಬೇಸಿಗೆಯಲ್ಲೂ ಹಸಿಯಾಗಿಯೇ ಇರುತ್ತದೆ. ಪುಡಿ ಹಾಕದಿದ್ದರೂ ಇಂಥ ಹುಳಿಮೇವು, ಅಂದರೆ ರಸಮೇವು, ಆಗುತ್ತದೆ, ಆದರೆ ಒಳ್ಳೆಯ ಬ್ಯಾಕ್ಟೀರಿಯಾ ಗೆಲ್ಲುತ್ತದೋ ಕೆಟ್ಟದ್ದೋ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು. ನಮ್ಮ ಪುಡಿ ಇರುವುದು ಅದೃಷ್ಟವನ್ನು ನಂಬದವರಿಗಾಗಿ. ಈ ಸಾಲು ಕೈಲಾಸ್ ಸಾರ್‌ಗೆ ಹೇಳಬೇಕು.

ಲ್ಯಾಬ್ ಅವರದು. ಮಾರುವ ಮೊದಲು ನಿಜವಾದ ಒಂದು ಕೊಟ್ಟಿಗೆಯಲ್ಲಿ ಪರೀಕ್ಷೆ ಆಗಲಿ ಅಂದರು. ನಾನಿರುವ ಜರಗನಹಳ್ಳಿಯ ಮನೆಯ ಹಿಂದೆಯೇ ಆರು ಹಸು ಇವೆ. ನಾನು ಮೊದಲ ಮಹಡಿಯ ಬಾಡಿಗೆ ರೂಮಿನಲ್ಲಿ, ಹಸುಗಳು ನನ್ನ ಕಿಟಕಿಯ ಕೆಳಗೆ. ಗದಗಿನಿಂದ ಬಂದ ಮೊದಲ ವಾರವೇ ಆ ವಾಸನೆಗೆ ರೂಮು ಬದಲಿಸಬೇಕೆಂದಿದ್ದವಳು ನಾನು. ಇವತ್ತೂ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ತುಳಿದೆ. ಆಂಟಿಯ ಮಗ ಮನು, ಜೆ.ಪಿ. ನಗರದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿರುವವನು, ಮೇವು ಕತ್ತರಿಸುವ ಮಷೀನಿಗೆ ಕೂತಿದ್ದ. ನಾನು ಗೋವಿನಜೋಳ ಅಂದಾಗಲೆಲ್ಲ ಮುಸುಕಿನಜೋಳ ಅನ್ನಿ ಮೇಡಂ ಎಂದು ನಗುತ್ತಿದ್ದ.

ಪುಡಿಗೆ ಹೆಸರಿಟ್ಟಿದ್ದು ನಾನು. ಕೈಲಾಸ್ ಸಾರ್ ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿ ಏನೋ ಔಷಧಿಯಂಥ ಹೆಸರು ಯೋಚಿಸಿದ್ದರು. ನಾನು "ಮೇವಿನ ಹೆಪ್ಪು" ಅಂದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಅದರ ಬೆಲೆ ಇವತ್ತು ಗೊತ್ತಾಯಿತು. ಬ್ಯಾಕ್ಟೀರಿಯಾ, ಆಮ್ಲ ಅಂತ ನಾನು ಅರ್ಧ ಗಂಟೆ ಬಡಕೊಂಡರೂ ಆಂಟಿ ಸುಮ್ಮನೆ ನನ್ನ ಬಾಯಿ ನೋಡುತ್ತಿದ್ದರು. ಮನು ಪ್ಯಾಕೆಟ್ ಮೇಲೆ ನಾನು ಕೈಯಲ್ಲಿ ಬರೆದಿದ್ದ ಹೆಸರು ಓದಿದ. "ಓ, ಹೆಪ್ಪಾ? ಹಂಗನ್ನು ಮತ್ತೆ," ಅಂದರು ಆಂಟಿ. ಅಲ್ಲಿಂದ ಮುಂದೆ ಒಂದು ಪ್ರಶ್ನೆಯೂ ಬರಲಿಲ್ಲ.

ಆಗಿದೆ ಅಂತ ನಾನು ಹೇಳುವ ತನಕ ಚೀಲ ಬಿಚ್ಚಬಾರದು ಎಂದು ಹೇಳಿ ಬಂದಿದ್ದೇನೆ. ಅಷ್ಟು ಹೇಳಿದರೆ ಸಾಕು.

ಮಾರ್ಚ್ 16, ಭಾನುವಾರ

ಮೊದಲ ಚೀಲ ಬಿಚ್ಚಿದೆ. ನಾನು ಗಂಟನ್ನು ಮೆಲ್ಲಮೆಲ್ಲಗೆ ಸಡಿಲಿಸುವುದನ್ನು ನೋಡಿ ಮನು, ಬಾಂಬು ಗೀಂಬು ಇದೆಯಾ ಮೇಡಂ ಒಳಗೆ ಅಂದ.

ಬಾಯಿ ಬಿಚ್ಚಿದ ಕೂಡಲೇ ಹುಳಿ ಬೆರೆತ ಸಿಹಿ ವಾಸನೆ, ಹಣ್ಣಾದ ಅನಾನಸ್ ಕೊಯ್ದ ಹಾಗೆ. ಹಳದಿ ತಿರುಗಿದ ಹಸಿರು ಬಣ್ಣ. ಹುಳಿ ಅಳೆಯುವ ಕಾಗದ ಅದ್ದಿದರೆ ಪುಸ್ತಕದಲ್ಲಿರುವ ಬಣ್ಣವೇ ಬಂತು. ಹಸುಗಳು ಮೊದಲು ಮೂಸಿ ಹಿಂದೆ ಸರಿದವು, ಆಮೇಲೆ ಒಂದು ತಿಂದದ್ದು ನೋಡಿ ಉಳಿದವೂ ಮುಗಿಬಿದ್ದವು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಆಂಟಿ ಚೆನ್ನಾಗಿ ಹೆಪ್ಪಾಗೈತಾ ಎಂದು ಕೇಳಿದರು. ಆಗಿದೆ, ಒಂದರಲ್ಲಿ ಆದ ಹಾಗೆ ಎಲ್ಲ ಚೀಲದಲ್ಲೂ ಆಗಿದೆ ಅಂದೆ.

ಸಾಲಿನ ನಾಲ್ಕನೇ ಹಸುವಿಗೆ ಮಾತ್ರ ಅವರು ಹಾಕಲಿಲ್ಲ. ಅದು ಚುಕ್ಕಿ, ಹಣೆಯ ಮೇಲೆ ಬಿಳಿ ಬೊಟ್ಟಿರುವ ಕಪ್ಪು ಹಸು, ಮೊದಲ ಸಲ ಗಬ್ಬವಾಗಿದೆ. ಅದರ ಮುಂದೆ ಒಣಹುಲ್ಲು ಹರವುತ್ತ, "ಗಬ್ಬದ ಹಸ ಕಣಮ್ಮ. ಹುಳಿ ತಡ್ಕೊಂತದಾ?" ಅಂದರು.

"ಹಾಕ್ರಿ ಆಂಟಿ, ಏನೂ ಆಗಂಗಿಲ್ಲ. ನಾ ಗ್ಯಾರಂಟಿ," ಅಂದೆ.

ಅವರು ನನ್ನ ಮುಖ ನೋಡಿ, ಒಣಹುಲ್ಲನ್ನು ಪಕ್ಕಕ್ಕೆ ಸರಿಸಿ, ಒಂದು ಮಂಕರಿ ರಸಮೇವು ತಂದು ಅದಕ್ಕೂ ಸುರಿದರು. ವಿಜ್ಞಾನಕ್ಕೆ ಜಯವಾಗಲಿ.

ಮಾರ್ಚ್ 24, ಸೋಮವಾರ

ಪರೀಕ್ಷೆಯ ಲೆಕ್ಕವೆಲ್ಲ ಚೆನ್ನಾಗಿದೆ. ಪ್ಯಾಕೆಟ್ಟುಗಳು ಅಚ್ಚಿಗೆ ಹೋದವು, ಹಸಿರು ಬಣ್ಣದಲ್ಲಿ ದೊಡ್ಡದಾಗಿ "ಮೇವಿನ ಹೆಪ್ಪು" ಎಂದು. ಯುಗಾದಿ ಮುಗಿದ ಮೇಲೆ ಒಂದು ಹಾಲಿನ ಸಂಘಕ್ಕೆ ಮೊದಲ ಲೋಡು. ಅವರ ವೆಟರ್ನರಿ ಆಫೀಸರ್‌ಗೆ ನಾನೇ ಕೊನೆಯ ವರದಿ ಕಳಿಸಬೇಕಂತೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಇಷ್ಟು ಓದಿಸಿದ್ದು ಹೆಪ್ಪು ಹಾಕೋದಕ್ಕೇನು ಎಂದು ನಕ್ಕಳು. ನನಗೆ ಸಿಟ್ಟು ಬರಲಿಲ್ಲ, ಹಾಗಂದರೆ ಹೆಸರು ಗೆದ್ದಿತು ಅಂತ ಅರ್ಥ.

ಸಂಜೆ ಕೊಟ್ಟಿಗೆಗೆ ಇಳಿದಿದ್ದೆ. ಚುಕ್ಕಿಯ ಹೊಟ್ಟೆಯ ಮೇಲೆ ಸೊಣ್ಣಮ್ಮ ಆಂಟಿ ನನ್ನ ಅಂಗೈ ಇಡಿಸಿದರು. ಒಳಗಿನಿಂದ ಒಂದು ಒದೆ ಬಿತ್ತು. ನಾನು ಕೈ ಎಳೆದುಕೊಂಡದ್ದಕ್ಕೆ ಅಮ್ಮ, ಮಗ ಇಬ್ಬರೂ ಇನ್ನೂ ನಗುತ್ತಿರಬೇಕು.

ಏಪ್ರಿಲ್ 2, ಬುಧವಾರ

ಚುಕ್ಕಿ ನಿನ್ನೆಯಿಂದ ಮೇವು ಮುಟ್ಟಿಲ್ಲ. ಮೆಲುಕು ಹಾಕುತ್ತಿಲ್ಲ. ಕಿವಿ ಹಿಡಿದು ನೋಡಿದೆ, ಸುಡುತ್ತಿದೆ. ತಲೆ ಒಂದು ಕಡೆಗೆ ವಾಲಿಸಿ ಗೋಡೆಗೆ ಒತ್ತಿಕೊಂಡು ನಿಂತಿದೆ.

ದನದ ಡಾಕ್ಟರು ಬಂದು ಮೊದಲು ಕೇಳಿದ್ದೇ ಏನು ಹಾಕುತ್ತಿದ್ದೀರಿ ಎಂದು. ಮೊನ್ನೆ ತೆಗೆದ ಮೂರನೇ ಚೀಲ ತೋರಿಸಿದೆವು. ಅವರು ಚೀಲದ ಬಾಯಿಯ ಹತ್ತಿರದ ಮೇವನ್ನು ಕೆದಕಿದರು. ಒಳಗೆ ಬಿಸಿ. ಬಿಳಿ, ನೀಲಿ ಬೂಷ್ಟು. ಗಾಳಿಯಾಡಿದ ಮೇವಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಏಳುತ್ತದೆ, ಬೇರೆ ಹಸು ತಡೆದುಕೊಳ್ಳಬಹುದು, ಗಬ್ಬದ್ದು ತಡೆದುಕೊಳ್ಳುವುದಿಲ್ಲ ಅಂದರು. ಇಂಜೆಕ್ಷನ್ ಕೊಟ್ಟರು. ಹಸು ಉಳಿದರೂ ಕರುವಿನ ಬಗ್ಗೆ ಈಗಲೇ ಏನೂ ಹೇಳಲಾರೆ ಅಂದರು.

ಹೊಸ ಚೀಲ ತೆಗೆದಾಗ ಸೊಣ್ಣಮ್ಮ ಮೇಲಿನ ಮೊದಲ ಮಂಕರಿ ಚುಕ್ಕಿಗೇ ಹಾಕುತ್ತಿದ್ದರಂತೆ. ಬಸುರಿಗೆ ಮೊದಲು ಬಡಿಸುವುದು, ಅಷ್ಟೇ.

ಮನು ಪುಡಿಯ ಪ್ಯಾಕೆಟ್ಟನ್ನು ಎತ್ತಿ ಒಮ್ಮೆ ನೋಡಿ ಕೆಳಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 3, ಗುರುವಾರ

ಇಡೀ ದಿನ ಲ್ಯಾಬಿನಲ್ಲಿ. ಪುಡಿಯನ್ನು ಮತ್ತೆ ಬೆಳೆಸಿ ನೋಡಲು ಇಟ್ಟೆ, ನಾಳೆ ಗೊತ್ತಾಗುತ್ತದೆ. ಪುಡಿಯಲ್ಲೇ ದೋಷವಿದ್ದರೆ ಎಲ್ಲ ಮುಗಿಯಿತು. ಕೈಲಾಸ್ ಸಾರ್ ಮೂರು ಸಲ ಬಂದು ಇಲಿ ಕಡಿದಿರಬಹುದು ನೋಡು ಅಂದರು. ನೋಡಿದ್ದೇನೆ. ಎರಡು ಕಡೆಯಿಂದಲೂ ಬೆಳಕು ಬಿಟ್ಟು ನೋಡಿದ್ದೇನೆ, ಆ ಚೀಲದಲ್ಲಿ ಸೂಜಿಯಷ್ಟು ತೂತಿಲ್ಲ.

ಹಾಗಾದರೆ ಗಾಳಿ ಎಲ್ಲಿಂದ ಬಂತು?

ಚುಕ್ಕಿ ನೀರು ಕುಡಿದಿದೆಯಂತೆ, ಸ್ವಲ್ಪ.

ಏಪ್ರಿಲ್ 4, ಶುಕ್ರವಾರ

ಪುಡಿ ಸರಿಯಾಗಿದೆ. ಒಂದೇ ಒಂದು ಕೆಟ್ಟ ಬ್ಯಾಕ್ಟೀರಿಯಾ ಇಲ್ಲ. ಬೆಳಗ್ಗೆ ಅದನ್ನು ನೋಡಿ ಅತ್ತೇಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಪುಡಿ ಕೆಟ್ಟಿದ್ದರೇ ಒಳ್ಳೆಯದಿತ್ತು ಅನಿಸಿತು. ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ಊಟದ ಹೊತ್ತಿಗೆ ಮನೆಗೆ ಬಂದೆ. ಸೊಣ್ಣಮ್ಮ ಚುಕ್ಕಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತಿದ್ದರು, ನಾನೂ ಅಲ್ಲೇ ಕೂತೆ. ಅವರು ಗಂಜಿ ಕುಡಿಸುತ್ತಿದ್ದರು, ಅರ್ಧ ಒಳಗೆ, ಅರ್ಧ ನೆಲಕ್ಕೆ. ಯಾರ ಕಣ್ಣು ಬಿತ್ತೋ ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಇಟ್ಟಮಡುವಿನಲ್ಲಿರುವ ಅವರ ತಂಗಿ ಶಾಂತಲಾ ಬೆಳಗ್ಗೆ ಫೋನ್ ಮಾಡಿ ಚುಕ್ಕಿಯನ್ನು ವಿಚಾರಿಸಿದ ಸುದ್ದಿ ಬಂತು. ಅವಳ ಮನೆಯಲ್ಲೂ ಎರಡು ಹಸು.

"ಅವ್ಳೂ ಹಾಕವ್ಳೆ ಕಣಮ್ಮ, ನಮ್ಮ ಹೆಪ್ಪಲ್ಲೇ," ಅಂದರು ಸೊಣ್ಣಮ್ಮ.

ನಮ್ಮ ಹೆಪ್ಪು ಅಂದರೆ ಏನು, ಪುಡಿಯಾ ಎಂದು ಕೇಳಿದೆ. ಅಲ್ಲವಂತೆ. ಮೊದಲ ಚೀಲ ಬಿಚ್ಚಿದ ಮರುದಿನ ಶಾಂತಲಾ ಬಂದಿದ್ದಳು. ಘಮಘಮ ಅನ್ನುತ್ತಿದ್ದ ಮೇವು ನೋಡಿ, ನನಗೂ ಒಂದಿಷ್ಟು ಹೆಪ್ಪು ಕೊಡಕ್ಕ ಅಂದಳು. ಇವರು ಟಬ್ಬಿನ ತುಂಬ ಕೊಟ್ಟರು.

ಹೇಗೂ ವಾರದಲ್ಲಿ ಖಾಲಿಯಾಗುವ, ಬಿಚ್ಚಿದ್ದ ಮೊದಲ ಚೀಲದಿಂದಲೇ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಯಾವ ಚೀಲ ಎಂದು ಕೇಳಿದೆ.

"ಮೂರ್ನೇದು. ಹಸ ಬಾಯಾಕಿದ್ರಿಂದ ಎತ್ತಿ ಕೊಡಾಕಾಯ್ತದಾ? ಎಂಜ್ಲಾಗಿರಲ್ವಾ? ಮುಟ್ದೆ ಇರೋದ್ರಲ್ಲೇ ತೆಗ್ದು, ಮತ್ತೆ ಬಿಗ್ಯಾಗಿ ಕಟ್ದೆ. ದೀಪ ಹಚ್ಚೋಕ್ಮುಂಚೇನೇ ಕೊಟ್ಟಿದೀನಿ."

ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ನಮ್ಮ ಮನೆಯಲ್ಲಿ ಅವ್ವನೂ ಹೀಗೆಯೇ, ಮೊಸರಿಗೆ ಸೌಟು ಹಾಕುವ ಮೊದಲು ಹೆಪ್ಪಿಗೆಂದು ಎತ್ತಿಡುತ್ತಾಳೆ. ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಆದರೆ ಮೊಸರಿಗೆ ಗಾಳಿಯಾಡಿದರೆ ಏನೂ ಆಗುವುದಿಲ್ಲ. ಈ ಚೀಲದೊಳಗೆ ಹೊಕ್ಕ ಗಾಳಿಗೆ ಎರಡು ವಾರ ಪುರಸೊತ್ತಿತ್ತು.

ಅವರಿಗೆ ಹೇಳಲಾಗಲಿಲ್ಲ. ಚುಕ್ಕಿಯ ಗಲ್ಲ ಒರೆಸುತ್ತಿದ್ದರು. ಲ್ಯಾಬಿನ ಕೆಲಸವಿದೆ ಎಂದು ಎದ್ದು, ಆಟೋ ಹಿಡಿದು ಇಟ್ಟಮಡುವಿಗೆ ಓಡಿದೆ.

ಶಾಂತಲಾ ಆಂಟಿ ಮನೆಯ ಪಕ್ಕದ ಓಣಿಯಲ್ಲಿ ನಾಲ್ಕು ಚೀಲ ಸಾಲಾಗಿ ಇಟ್ಟಿದ್ದರು. ಪುಡಿ ಹಾಕಿಲ್ಲ, ಅಕ್ಕನ ಮನೆಯಿಂದ ತಂದ ಮೇವನ್ನೇ ಹಿಡಿಹಿಡಿಯಾಗಿ ಬೆರೆಸಿದ್ದಾರೆ. ಒಂದನ್ನು ಆಗಲೇ ಬಿಚ್ಚಿ ನೋಡಿ ಕಟ್ಟಿದ್ದರು, ಹೆಪ್ಪಾಗಿದೆಯಾ ಅಂತ. ಅದರಿಂದ ಒಂದು ಬುಟ್ಟಿ ಪಕ್ಕದ ಬೀದಿಯವರಿಗೆ ಹೋಗಿದೆ. ಶಾಂತಲಾ ಆಂಟಿಯ ಎರಡು ಹಸುಗಳಲ್ಲಿ ಒಂದು ಗಬ್ಬದ್ದು. ನಾನು ಮುಟ್ಟಬೇಡಿ, ಹಾಕಬೇಡಿ, ಗಾಳಿ ಹೋಗಿದ್ದರೆ ವಿಷ ಎಂದು ಒಂದೇ ಉಸಿರಿಗೆ ಹೇಳಿದೆ. ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ಅವರಿಗೆ ಬೇಜಾರಾಯಿತು. "ನೀವೇ ಹೆಪ್ಪು ಅಂತ ಬರ್ದಿರೋದಂತಲ್ಲಮ್ಮ," ಅಂದರು.

ಪಕ್ಕದ ಬೀದಿಯ ಮನೆಗೂ ಹೋದೆ. ಇನ್ನೂ ಉಪಯೋಗಿಸಿರಲಿಲ್ಲ. ಬುಟ್ಟಿಯನ್ನು ನನ್ನ ಕೈಯಾರೆ ಚೆಲ್ಲಿಸಿ ಬಂದೆ.

ದಾರಿಯುದ್ದಕ್ಕೂ ಹಸಿರು ಪ್ಯಾಕೆಟ್ಟುಗಳೇ ಕಣ್ಣ ಮುಂದೆ. ಸಂಘಕ್ಕೆ ಹೋಗುವ ಲೋಡಿನ ಒಂದೊಂದು ಪ್ಯಾಕೆಟ್ಟೂ ಒಂದೊಂದು ಮನೆಗೆ ಹೋಗುತ್ತದೆ. ಆ ಮನೆಗಳಲ್ಲಿಯೂ ಅಕ್ಕತಂಗಿಯರಿದ್ದಾರೆ.

ಏಪ್ರಿಲ್ 5, ಶನಿವಾರ

ಕೈಲಾಸ್ ಸಾರ್‌ಗೆ ಎಲ್ಲ ಹೇಳಿದೆ. ಅವರ ಮುಖ ಅರಳಿತು. ಅದನ್ನು ನೋಡಿ ನನಗೆ ಹೇಸಿಗೆಯಾಯಿತು, ನಿನ್ನೆ ಬೆಳಗ್ಗೆ ನನ್ನ ಮುಖವೂ ಹೀಗೇ ಅರಳಿತ್ತು.

ಪ್ರಾಬ್ಲಂ ಸಾಲ್ವ್ ಆಯಿತಲ್ಲ, ಬಳಕೆದಾರರ ಅಜಾಗರೂಕತೆ ಎಂದು ಬರೆದುಬಿಡು, ಸೋಮವಾರ ಸಂಜೆ ಲೋಡು ಹೊರಡುತ್ತದೆ ಅಂದರು. ಹೆಸರು ಬದಲಿಸದೆ ಒಂದು ಪ್ಯಾಕೆಟ್ಟೂ ಹೋಗಬಾರದು ಅಂದೆ. ಅವರು ನಕ್ಕರು. ನಿನ್ನದೇ ಹೆಸರು, ಅಚ್ಚಾಗಿದೆ, ಜನ ಇಷ್ಟಪಟ್ಟಿದ್ದಾರೆ, ಬೇಕಾದರೆ ಹಿಂದುಗಡೆ ಚಿಕ್ಕ ಅಕ್ಷರದಲ್ಲಿ ಒಂದು ಸೂಚನೆ ಅಂಟಿಸೋಣ ಅಂದರು. ಆ ಚಿಕ್ಕ ಅಕ್ಷರವನ್ನು ಯಾರು ಓದುತ್ತಾರೆ? ಸೊಣ್ಣಮ್ಮನಿಗೆ ದೊಡ್ಡ ಅಕ್ಷರವೂ ಬರುವುದಿಲ್ಲ, ಆದರೆ ಹೆಪ್ಪು ಅಂದರೇನು ಎಂಬುದು ನನಗಿಂತ ಮುಂಚಿನಿಂದ ಗೊತ್ತು.

"ಸಾರ್, ನಿಮ್ಮ ಮನೀಗೆ ಯಾರರೆ ಹೆಪ್ಪು ಕೇಳ್ಕೊಂಡು ಬಂದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಕೊಡ್ತೀವಿ. ಅದಕ್ಕೇನೀಗ?"

"ಅವ್ರೂ ಅಷ್ಟ ಮಾಡ್ಯಾರ್ರಿ."

ಸಾರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತರು. ಕೊನೆಗೆ, ವರದಿ ತಾವು ಹೇಳಿದ ಹಾಗೆಯೇ ಸೋಮವಾರ ಬರಬೇಕು, ಇಲ್ಲದಿದ್ದರೆ ಬೇರೆಯವರಿಂದ ಬರೆಸುವುದಾಗಿ ಹೇಳಿದರು.

ಮನೆಗೆ ಬಂದರೆ ಮೆಟ್ಟಿಲ ಕೆಳಗೆ ಅಮ್ಮ, ಮಗನ ಮಾತು. ನಮ್ಮನೆ ಹಸುವೇ ಬೇಕಿತ್ತಾ ಇವರ ಎಕ್ಸ್‌ಪೆರಿಮೆಂಟಿಗೆ ಎನ್ನುತ್ತಿದ್ದ ಮನು. ಆ ಹುಡುಗಿ ಬಾಯಿಬಿಟ್ಟು ಗ್ಯಾರಂಟಿ ಹೇಳಿದಾಳೆ, ಅವಳ ಕಡೆಯಿಂದ ತಪ್ಪಾಗಿರಲ್ಲ ಬಿಡು ಎಂದರು ಸೊಣ್ಣಮ್ಮ. ನಾನು ಸದ್ದಿಲ್ಲದೆ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ.

ಏಪ್ರಿಲ್ 6, ಭಾನುವಾರ

ಬೆಳಗ್ಗೆ ಚುಕ್ಕಿ ದಿನ ತುಂಬುವ ಮೊದಲೇ ಸತ್ತ ಕಂದು ಹಾಕಿತು.

ಹೆಣ್ಣು ಕರು. ಕೂದಲು ಬಂದಿತ್ತು. ಚುಕ್ಕಿ ಅದನ್ನು ನೆಕ್ಕುವುದನ್ನು ನಿಲ್ಲಿಸಲಿಲ್ಲ, ಎತ್ತಿಕೊಂಡು ಹೋಗಲು ಬಂದಾಗ ಎರಡು ಹೆಜ್ಜೆ ಹಿಂದೆ ಬಂದು ಹಗ್ಗಕ್ಕೆ ಸಿಕ್ಕಿಕೊಂಡು ನಿಂತಿತು. ಹಸುವಿಗೆ ಇನ್ನು ಅಪಾಯವಿಲ್ಲ ಅಂದರು ಡಾಕ್ಟರು.

ಮನು ಅಂಗಳದಲ್ಲಿ ನಿಂತು ಕೂಗಾಡಿದ. ಪುಡಿ ಮಾರೋರು ನೀವು, ನಿಮಗೇನು ಗೊತ್ತು ಅಂದ. ಈ ತಿಂಗಳು ಮುಗಿದ ಮೇಲೆ ಬೇರೆ ರೂಮು ನೋಡಿಕೊಳ್ಳಿ ಅಂದ. ಚೀಲ ಬಿಚ್ಚಿದ್ದು ನಿಮ್ಮಮ್ಮ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೊಣ್ಣಮ್ಮ ಅವನ ಹಿಂದೆ ನಿಂತು, ಸೆರಗಿನಲ್ಲಿ ಕೈಗಂಟಿದ ಕಸ ಒರೆಸಿಕೊಳ್ಳುತ್ತಿದ್ದರು. ಬೈಸಿಕೊಂಡೆ.

ಏಪ್ರಿಲ್ 7, ಸೋಮವಾರ

ಲ್ಯಾಬಿಗೆ ಹೋಗಲಿಲ್ಲ. ರೂಮಿನಲ್ಲೇ ಕೂತು ವರದಿ ಬರೆದೆ. ಹೆಪ್ಪು ಎಂಬ ಪದದಿಂದಾಗಿ ಬಳಕೆದಾರರು ಚೀಲ ಬಿಚ್ಚಿ ಹಂಚುತ್ತಾರೆ, ಇದು ಅಜಾಗರೂಕತೆಯಲ್ಲ, ಆ ಪದ ಇರುವ ತನಕ ಪ್ಯಾಕೆಟ್ಟುಗಳು ಹೊರಡಬಾರದು, ಪದ ಸೂಚಿಸಿದವಳು ನಾನು. ಅಷ್ಟು ಬರೆದು, ಯಾರ ಕೊಟ್ಟಿಗೆ ಎಂಬುದನ್ನು ಮಾತ್ರ ಬಿಟ್ಟಿದ್ದೆ. "ಒಬ್ಬರು ಹಸು ಸಾಕುವವರು" ಎಂದು ಹಾಕಿದ್ದೆ.

ಮಧ್ಯಾಹ್ನ ಬಾಗಿಲು ಬಡಿದದ್ದು ಕೇಳಿಸಿತು. ಸೊಣ್ಣಮ್ಮ. ಬಾಡಿಗೆಗೆ ಬಂದ ಮೇಲೆ ಅವರು ಮೆಟ್ಟಿಲು ಹತ್ತಿ ಬಂದದ್ದು ಇದೇ ಮೊದಲು, ಮಂಡಿ ನೋವು. ಮಂಚದ ಮೇಲೆ ಕೂರಿ ಅಂದರೂ ಕೇಳದೆ ಗೋಡೆಗೆ ಒರಗಿ ನೆಲಕ್ಕೇ ಕೂತರು.

"ಶಾಂತಲಾ ಫೋನ್ ಮಾಡಿದ್ಲು," ಅಂದರು. "ನೀನು ಓಡ್ಬಂದಿದ್ದಂತೆ. ಚೀಲ ಬಿಚ್ಬಾರ್ದು ಅಂದ್ಯಂತೆ. ನಾನು ಬಿಚ್ಚಿದ್ಕೇನಾ ಕರ ಹೋಗಿದ್ದು?"

ಸುಳ್ಳು ಹೇಳಬಹುದಿತ್ತು. ಬಿಸಿಲು ಅನ್ನಬಹುದಿತ್ತು, ಅವರೇ ಅಂದಂತೆ ಕಣ್ಣು ಬಿತ್ತು ಅನ್ನಬಹುದಿತ್ತು, ಪುಡಿ ಕೆಟ್ಟಿತ್ತು ಎಂದೂ ಅನ್ನಬಹುದಿತ್ತು. ಆ ಮುಖ ನೋಡಿಕೊಂಡು ಯಾವುದೂ ಬರಲಿಲ್ಲ.

"ಹೌದು ಅಮ್ಮಾ. ಗಾಳಿ ಹೋತು," ಅಂದೆ. "ಆದ್ರ ಅದನ್ನ ಹೆಪ್ಪು ಅಂತ ಕರದಾಕಿ ನಾನು."

ಕಿಟಕಿಯ ಕೆಳಗೆ ಚುಕ್ಕಿ ಎರಡು ಸಲ ಕೂಗಿತು, ನಿನ್ನೆಯಿಂದಲೂ ಹಾಗೆಯೇ ಕೂಗುತ್ತಿದೆ. ಅವರು ಕೇಳಿಸಿಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಹೋಗಿ ಪಕ್ಕ ಕೂತೆ.

ಆಮೇಲೆ, ಚೀಲ ಬಿಚ್ಚಿದ್ದು ತಾವೇ ಎಂದು ಮನುವಿಗೆ ಆಗಲೇ ತಿಳಿಸಿರುವುದಾಗಿ ಹೇಳಿದರು. ಅವನು ಅಂಗಡಿಗೆ ಹೋಗದೆ ಕೆಳಗೆ ಕೂತಿದ್ದಾನಂತೆ, ನನ್ನ ಮುಖ ನೋಡಲು ಆಗುತ್ತಿಲ್ಲವಂತೆ. ಲ್ಯಾಪ್‌ಟಾಪಿನ ಕಡೆ ನೋಡಿ ಅದೇನು ಎಂದು ಕೇಳಿದರು. ವರದಿ ಅಂದೆ. ಓದು ಅಂದರು.

ಬರೆದದ್ದೆಲ್ಲ ಸರಳ ಮಾಡಿ ಓದಿ ಹೇಳಿದೆ. ಒಬ್ಬರು ಹಸು ಸಾಕುವವರು ಅನ್ನುವಲ್ಲಿ ತಡೆದರು.

"ಯಾರೋ ಅಂದ್ರೆ ಯಾರಮ್ಮಿ ನಂಬ್ತಾರೆ? ಜರಗನಹಳ್ಳಿ ಸೊಣ್ಣಮ್ಮ ಬಿಚ್ಚಿದ್ಳು, ಬಿಚ್ಚಿದ್ಕೆ ಹೋಯ್ತು ಅಂತ ಬರಿ. ಹೆಸ್ರು ಹಾಕ್ಬುಡು."

ಬೇಡ ಅಮ್ಮ, ಇದು ದೊಡ್ಡ ದೊಡ್ಡವರು ಓದುವಂಥದ್ದು ಅಂದೆ. ಓದಲಿ ಅಂತಲೇ ಹೇಳುತ್ತಿರುವುದು ಅಂದರು. ಹಾಕಿದೆ. ಇದನ್ನು ಕಳಿಸಿದರೆ ಸಾರ್ ನನ್ನನ್ನು ಇಟ್ಟುಕೊಳ್ಳುವುದಿಲ್ಲ ಎಂದು ಒಮ್ಮೆ ಅನಿಸಿತು, ಆದರೆ ಅವರಿಗೆ ಕೇಳಿಸುವ ಹಾಗೆ ಮತ್ತೆ ಮೊದಲಿನಿಂದ ಓದುವುದರಲ್ಲಿ ಅದು ಮರೆತೇಹೋಯಿತು. ಕೊನೆಯ ತನಕ ಓದಿ ನಿಲ್ಲಿಸಿದೆ. ಸೊಣ್ಣಮ್ಮ ಇನ್ನೂ ಕಾಯುತ್ತಿದ್ದರು.

"ಅಷ್ಟೇನಾ?" ಅಂದರು. "ಹೆಣ್ಗರ ಅಂತ ಬರ್ದಿಲ್ಲ ನೀನು."

ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಗರ್ಭಪಾತ, ಒಂದು, ಎಂದಷ್ಟೇ ಇತ್ತು. ಅದನ್ನು ಅಳಿಸಿ ಬರೆದೆ: ಹೆಣ್ಣು ಕರು, ಕಪ್ಪು, ಮೈತುಂಬ ಕೂದಲು ಬಂದಿತ್ತು. ಬರೆದದ್ದನ್ನು ಓದಿ ಹೇಳಿದೆ. ಅವರು ತಲೆಯಾಡಿಸಿದರು. ಅವರ ಎದುರಿಗೇ ಸಂಘದ ಆಫೀಸರ್‌ಗೂ ಕೈಲಾಸ್ ಸಾರ್‌ಗೂ ಒಟ್ಟಿಗೆ ಕಳಿಸಿದೆ.